ಹನಕೆರೆಗೆ ಬಂದ ಇಟಲಿಯ ಕಾಗದ

ಆ ಕಾಗದ ಮೂರು ದಿನ ನಮ್ಮ ಮನೆಯ ಬೀರುವಿನೊಳಗೆ ಇತ್ತು. ಹಿಂದಿನ ವಾರ ವರಮಹಾಲಕ್ಷ್ಮಿ ಹಬ್ಬಕ್ಕೆ ಅವ್ವ ಉಟ್ಟು ಮಡಿಸಿಟ್ಟಿದ್ದ ಸೀರೆಯ ಕೆಳಗೆ. ನನಗೆ ಅದರ ಸುಳಿವೇ ಇರಲಿಲ್ಲ.

2024ರ ಆಗಸ್ಟ್ 22, ಗುರುವಾರ. ಬೆಂಗಳೂರಿನಲ್ಲಿ ಎರಡು ಇಂಟರ್‌ವ್ಯೂ ಮುಗಿಸಿ, ಎರಡೂ ಕಡೆ ‘ತಿಳಿಸ್ತೀವಿ’ ಅನ್ನಿಸಿಕೊಂಡು, ರೈಲಿನಲ್ಲಿ ಬಂದು ಹನಕೆರೆ ಸ್ಟೇಷನ್ನಿನಲ್ಲಿ ಇಳಿದು ಮನೆ ಸೇರಿದ್ದೆ. ಮುದ್ದೆ ಮುರಿಯುತ್ತಿದ್ದಾಗ ಅಪ್ಪ ಏನೋ ಹೇಳಲು ಬಾಯಿ ತೆಗೆದರು. ಅವ್ವ ‘ಉಣ್ಣೋಗಂಟ ಸುಮ್ನಿರಿ’ ಎಂದು ಕಣ್ಣು ಬಿಟ್ಟಳು. ಊಟವಾದ ಮೇಲೆ ಬೀರು ತೆಗೆದು, ಸೀರೆ ಎತ್ತಿ, ಒಂದು ಉದ್ದನೆಯ ಲಕೋಟೆಯನ್ನು ನನ್ನ ಮುಂದಿಟ್ಟರು.

‘ಸೋಮವಾರ ಬಂತು ಕಣ್ಲಾ. ಪೋಸ್ಟ್‌ಮ್ಯಾನ್ ಸೈನ್ ಹಾಕ್ಸ್ಕೊಂಡ. ಫಾರಿನ್‌ದು, ಮೇಲೆ ಪೊಲೀಸ್ ಅಂತೇನೋ ಬರ್ದಿದೆ ಅಂದ. ಇಂಟರ್‌ವ್ಯೂಗೆ ಹೋಗಿರೋನ ತಲೆ ಯಾಕೆ ಕೆಡ್ಸೋದು ಅಂತ ಮಡಗಿದ್ದೆ’ ಅಂದರು ಅಪ್ಪ. ಲಕೋಟೆಯ ಮೇಲೆ ‘ಪೊಲಿಜಿಯಾ ಮುನಿಚಿಪಾಲೆ’ ಎಂಬ ಇಟಾಲಿಯನ್ ಅಕ್ಷರಗಳಿದ್ದವು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲ ಯಾರಿಗಾದರೂ ಅದು ಪೊಲೀಸ್ ಅಂತಲೇ ಕಾಣುತ್ತದೆ. ಅಜ್ಜಿ ಮಂಚದ ಮೇಲಿಂದಲೇ ‘ಹಿಡ್ಕೊಂಡೋಯ್ತಾರಾ?’ ಎಂದು ಕೇಳಿತು. ಅವ್ವನ ಲೆಕ್ಕ ಬೇರೆ ಇತ್ತು. ಮೇ ತಿಂಗಳಲ್ಲಿ ನನ್ನ ಕೆಲಸ ಹೋಗಿದ್ದಕ್ಕೆ ಇದೇ ಕಾರಣ ಇರಬೇಕು, ಮಗ ಹೇಳದೆ ಮುಚ್ಚಿಟ್ಟಿದ್ದಾನೆ ಎಂದು ಮೂರು ದಿನ ನಿದ್ದೆ ಬಿಟ್ಟಿದ್ದಳಂತೆ.

ನಾನು ಮುಚ್ಚಿಟ್ಟಿದ್ದು ಏನೂ ಇರಲಿಲ್ಲ. ಆದರೆ ಹತ್ತು ತಿಂಗಳ ಹಿಂದಿನ ಒಂದು ಬೆಳಿಗ್ಗೆ ಥಟ್ಟನೆ ನೆನಪಿಗೆ ಬಂತು.

ನಾನು ಮಂಡ್ಯದಲ್ಲಿ ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದವನು. 2023ರ ಜುಲೈನಿಂದ ಡಿಸೆಂಬರ್‌ವರೆಗೆ ಪ್ರಾಜೆಕ್ಟ್ ಮೇಲೆ ಜರ್ಮನಿಯ ಮ್ಯೂನಿಕ್‌ಗೆ ಕಳಿಸಿದ್ದರು. ಹೋಗುವ ಮುಂಚೆ ಮಂಡ್ಯದ ಆರ್‌ಟಿಒ ಕಚೇರಿಗೆ ಅರ್ಜಿ ಹಾಕಿ, 1,000 ರೂಪಾಯಿ ಶುಲ್ಕ ಕಟ್ಟಿ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡಿದ್ದೆ. ಅದು ಒಂದು ವರ್ಷ ನಡೆಯುತ್ತದೆ. ಊರಿನಲ್ಲಿ ಆ ಪುಸ್ತಕ ತೋರಿಸಿದಾಗ ಗೆಳೆಯರು ಪಾಸ್‌ಪೋರ್ಟಿಗಿಂತ ಹೆಚ್ಚು ಮರ್ಯಾದೆ ಕೊಟ್ಟಿದ್ದರು.

ಅಕ್ಟೋಬರ್ 3 ಜರ್ಮನಿಯಲ್ಲಿ ರಾಷ್ಟ್ರೀಯ ರಜೆ. ಆ ವರ್ಷ ಅದು ಮಂಗಳವಾರ ಬಿದ್ದಿತ್ತು. ಸೋಮವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ. ನಾನು, ಧಾರವಾಡದ ಒಬ್ಬ ಗೆಳೆಯ, ಪುಣೆಯ ಒಬ್ಬ ಗೆಳೆಯ ಇಟಲಿಗೆ ಹೊರಟೆವು. ಪೀಸಾದ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು. ಮೂವರಲ್ಲಿ ಪರ್ಮಿಟ್ ಇದ್ದದ್ದು ನನಗೊಬ್ಬನಿಗೆ, ಅಷ್ಟು ಮೊತ್ತದ ಡೆಪಾಸಿಟ್ ತಡೆಹಿಡಿಯಲು ಮಿತಿ ಇದ್ದ ಕ್ರೆಡಿಟ್ ಕಾರ್ಡೂ ನನ್ನದೇ. ಹಾಗಾಗಿ ಸಹಿಯೂ ನನ್ನದೇ. ಕೌಂಟರಿನಲ್ಲಿದ್ದವರು ನನ್ನ ಲೈಸೆನ್ಸ್ ನೋಡಿ ವಿಳಾಸ ಟೈಪ್ ಮಾಡಿಕೊಂಡರು: ಹನಕೆರೆ, ಮಂಡ್ಯ ತಾಲ್ಲೂಕು. ‘ಈ ಕಂಪ್ಯೂಟರಿಗೆ ನಮ್ಮೂರ ಹೆಸರು ಇದೇ ಮೊದಲ ಸಲ ಹೋಗ್ತಿದೆ’ ಎಂದು ನಾವು ನಕ್ಕಿದ್ದೆವು.

ಮಾರನೆಯ ದಿನ, ಸೋಮವಾರ, ಗಾಂಧಿ ಜಯಂತಿ. ಸುಮಾರು 80 ಕಿಲೋಮೀಟರ್ ದೂರದ ಫ್ಲಾರೆನ್ಸ್‌ಗೆ ಹೋದೆವು. ಹೋಟೆಲ್ ಹಳೆಯ ಪೇಟೆಯ ಒಳಗಿತ್ತು. ಪುಣೆಯವನ ಕೈಯಲ್ಲಿ ಮೊಬೈಲ್ ಮ್ಯಾಪ್, ಅವನು ‘ಬಲಕ್ಕೆ’ ಅಂದರೆ ನಾನು ಬಲಕ್ಕೆ. ಒಂದು ಓಣಿಯ ಬಾಯಲ್ಲಿ ಬೋರ್ಡ್ ಇತ್ತು. ಬಿಳಿ ವೃತ್ತ, ಸುತ್ತ ಕೆಂಪು ಅಂಚು. ಪಕ್ಕದಲ್ಲಿ ಬೆಳಗುತ್ತಿದ್ದ ಅಕ್ಷರ: ‘ವಾರ್ಕೊ ಅತ್ತಿವೊ’. ಅತ್ತಿವೊ ಅಂದರೆ ಆ್ಯಕ್ಟಿವ್ ಇರಬೇಕು, ದಾರಿ ತೆರೆದಿದೆ ಅಂತ ಅರ್ಥ ಎಂದು ಧಾರವಾಡದವನು ಹಿಂದಿನ ಸೀಟಿನಿಂದ ಪಾಂಡಿತ್ಯ ತೋರಿಸಿದ. ನಾವೂ ಒಪ್ಪಿದೆವು. ಸರಿಯಾದ ಅರ್ಥ ತದ್ವಿರುದ್ಧ. ಬಾಗಿಲಿನ ಕಾವಲು ಈಗ ಚಾಲೂ ಇದೆ, ಅನುಮತಿ ಇಲ್ಲದವರು ಒಳಗೆ ಬರಬೇಡಿ ಎಂದು. ‘ನಾನ್ ಅತ್ತಿವೊ’ ಅಂತಿದ್ದರೆ ಮಾತ್ರ ಹೋಗಬಹುದಿತ್ತು.

ಇಟಲಿಯ ಹಳೆಯ ಪಟ್ಟಣಗಳಲ್ಲಿ ಇದಕ್ಕೆ ‘ಜೋನಾ ಎ ಟ್ರಾಫಿಕೊ ಲಿಮಿಟಾಟೊ’ ಅನ್ನುತ್ತಾರೆ, ಚಿಕ್ಕದಾಗಿ ಜೆಡ್‌ಟಿಎಲ್. ಶ್ರೀರಂಗಪಟ್ಟಣದ ಕೋಟೆಯೊಳಗೆ ಊರಿನವರ ಗಾಡಿ ಮಾತ್ರ ಬಿಡುತ್ತಾರೆ, ಹೊರಗಿನವರು ಬಾಗಿಲಲ್ಲೇ ನಿಲ್ಲಿಸಿ ನಡೆಯಬೇಕು ಎಂದುಕೊಳ್ಳಿ, ಹಾಗೆ. ಆದರೆ ಅಲ್ಲಿ ಬಾಗಿಲೂ ಇಲ್ಲ, ಗೇಟೂ ಇಲ್ಲ, ಸೀಟಿ ಊದುವ ಪೊಲೀಸೂ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಅಷ್ಟೆ. ನಾವು ಒಳಗೆ ಹೋದೆವು. ಹೋಟೆಲ್ ಎದುರು ನಿಲ್ಲಿಸಲು ಜಾಗವಿರಲಿಲ್ಲ. ಹೊರಗೆ ಬಂದು ಒಂದು ಸುತ್ತು ಹಾಕಿ, ಇನ್ನೊಂದು ಓಣಿಯಿಂದ ಮತ್ತೆ ಒಳಗೆ ನುಗ್ಗಿ, ಬ್ಯಾಗ್ ಇಳಿಸಿದೆವು. ಯಾರೂ ಏನೂ ಅನ್ನಲಿಲ್ಲ. ಎರಡು ಸಲ ಒಳಗೆ ಹೋದರೆ ಎರಡು ದಂಡ. ನಮಗೆ ಅದೂ ಗೊತ್ತಿರಲಿಲ್ಲ.

ಬೇಜಾರಿನ ಸಂಗತಿ ಏನೆಂದರೆ, ಇದನ್ನು ತಪ್ಪಿಸುವ ದಾರಿ ನನ್ನ ಇಮೇಲಿನಲ್ಲೇ ಇತ್ತು. ಬುಕಿಂಗ್ ಪತ್ರದ ಕೊನೆಯಲ್ಲಿ ಹೋಟೆಲಿನವರು ಬರೆದಿದ್ದರು: ಕಾರಿನಲ್ಲಿ ಬರುವುದಾದರೆ ನಂಬರ್ ಕೊಡಿ, ಲಗೇಜ್ ಇಳಿಸಲು ಒಳಗೆ ಬರುವ ಅನುಮತಿಗೆ ನಾವು ನೋಂದಾಯಿಸುತ್ತೇವೆ. ನಾನು ಬೆಳಗಿನ ತಿಂಡಿ ಉಚಿತವೋ ಇಲ್ಲವೋ ಎನ್ನುವ ಸಾಲಿನವರೆಗೆ ಓದಿ ನಿಲ್ಲಿಸಿದ್ದೆ.

ಮುಂದಿನ ಮೂರ್ಖತನ ಭಾರತಕ್ಕೆ ಬಂದ ಮೇಲಿನದು. 2024ರ ಫೆಬ್ರುವರಿಯ ಒಂದು ರಾತ್ರಿ ಮೊಬೈಲಿಗೆ ಒಂದರ ಹಿಂದೊಂದು ಎರಡು ಸಂದೇಶ. ಕ್ರೆಡಿಟ್ ಕಾರ್ಡಿನಿಂದ 45 ಯೂರೊ, ಮತ್ತೆ 45 ಯೂರೊ ಕಡಿತ. ಸೈಬರ್ ವಂಚನೆಯ ಸುದ್ದಿಗಳನ್ನು ದಿನಾ ಓದುವ ನಮ್ಮಂಥವರು ಏನು ಮಾಡುತ್ತೇವೆ? ಕಾರ್ಡ್ ಬ್ಲಾಕ್ ಮಾಡಿಸಿದೆ, ಬ್ಯಾಂಕಿಗೆ ದೂರು ಕೊಟ್ಟೆ, ಆಫೀಸಿನಲ್ಲಿ ನಾಲ್ಕು ಜನರಿಗೆ ಎಚ್ಚರಿಕೆಯ ಮಾತನ್ನೂ ಹೇಳಿದೆ. ಮೂರು ವಾರದ ನಂತರ ಬ್ಯಾಂಕಿನಿಂದ ಉತ್ತರ ಬಂತು. ಜೊತೆಗೆ ಬಾಡಿಗೆ ಕರಾರಿನ ಪ್ರತಿ, ಅದರ ಕೆಳಗೆ ನನ್ನದೇ ಸಹಿ. ಸಂಚಾರ ಪೊಲೀಸರು ಚಾಲಕನ ವಿವರ ಕೇಳಿದರೆ ಪ್ರತಿ ಸಲಕ್ಕೂ ಇಂತಿಷ್ಟು ಶುಲ್ಕ ಕಡಿಯುತ್ತೇವೆ ಎಂಬ ಸಾಲು ಅದರಲ್ಲಿತ್ತು. ದೂರು ವಜಾ.

ಆಗಲಾದರೂ ಅರ್ಥವಾಗಬೇಕಿತ್ತು. ಆಗಲಿಲ್ಲ. ‘ಸರಿ, ಏನೋ ದಂಡ ಬಿದ್ದಿದೆ, 90 ಯೂರೊ ಹೋಯಿತು, ಮುಗಿಯಿತು’ ಅಂದುಕೊಂಡೆ. ಬಾಡಿಗೆ ಕಾರು ಓಡಿಸುವ ಬಹಳ ಜನ ಎಡವುವುದು ಇಲ್ಲೇ. ಕಂಪನಿ ಕಡಿದುಕೊಂಡದ್ದು ದಂಡವಲ್ಲ. ‘ಆ ದಿನ ನಮ್ಮ ಕಾರು ಇವನ ಕೈಯಲ್ಲಿತ್ತು’ ಎಂದು ನನ್ನ ಹೆಸರು, ವಿಳಾಸ ಬರೆದು ಕಳಿಸಿದ್ದಕ್ಕೆ ಅವರ ಕೂಲಿ. ದಂಡ ಇನ್ನೂ ದಾರಿಯಲ್ಲಿರುತ್ತದೆ. ವಿದೇಶದಲ್ಲಿರುವವರಿಗೆ ನೋಟಿಸ್ ತಲುಪಿಸಲು ಇಟಲಿಯ ಕಾನೂನು 360 ದಿನ ಕೊಟ್ಟಿದೆ. ತಮ್ಮ ದೇಶದವರಿಗಾದರೆ 90. ಅಕ್ಟೋಬರಿನ ತಪ್ಪಿಗೆ ಆಗಸ್ಟಿನಲ್ಲಿ ಕಾಗದ ಬಂದರೆ ಅದು ತಡವಲ್ಲ, ಅವಧಿಯೊಳಗೇ ಬಂದಿದೆ.

ಗುರುವಾರ ರಾತ್ರಿ ಆ ಲಕೋಟೆ ಒಡೆದೆ. ಇಟಾಲಿಯನ್ ಜೊತೆ ಇಂಗ್ಲಿಷ್ ಹಾಳೆಯೂ ಇತ್ತು. ಮೂರು ಮೊತ್ತಗಳಿದ್ದವು. ಕಾಗದ ಕೈಸೇರಿದ 5 ದಿನದೊಳಗೆ ಕಟ್ಟಿದರೆ ಶೇ 30 ರಿಯಾಯಿತಿ, 58 ಯೂರೊ 10 ಸೆಂಟ್. 60 ದಿನದೊಳಗಾದರೆ 83. ಅದೂ ದಾಟಿದರೆ 166. ಎಲ್ಲದರ ಮೇಲೆ ಅಂಚೆ ಮತ್ತು ನೋಟಿಸಿನ ಖರ್ಚು ಬೇರೆ. ಅಪ್ಪ ಸಹಿ ಹಾಕಿದ್ದು ಸೋಮವಾರ. ಶನಿವಾರಕ್ಕೆ ಐದು ದಿನ. ಮಗನ ಮನಸ್ಸು ನೋಯದಿರಲಿ ಎಂದು ಕಾಗದ ಬೀರುವಿನಲ್ಲಿ ಮಲಗಿದ್ದ ಮೂರೂ ದಿನ ಗಡಿಯಾರ ಓಡುತ್ತಲೇ ಇತ್ತು. ಇದನ್ನು ಅಪ್ಪನಿಗೆ ಹೇಳಬೇಕೋ ಬೇಡವೋ ಗೊತ್ತಾಗದೆ ಹೇಳಿಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಟ್ಟು ಎಷ್ಟಾಯ್ತದೆ?’ ಎಂದರು.

ಲೆಕ್ಕ ಹಾಕಿದೆ. ಕಂಪನಿ ಎರಡು ಸಲ ಶುಲ್ಕ ಕಡಿದಿತ್ತು, ಬಂದಿದ್ದು ಒಂದೇ ನೋಟಿಸ್. ಅಂದರೆ ಇನ್ನೊಂದು ಬರಲಿದೆ. ರಿಯಾಯಿತಿಯಲ್ಲೇ ಕಟ್ಟಿದರೂ ಖರ್ಚು ಸೇರಿ ಎರಡೂ ದಂಡಕ್ಕೆ 150 ಯೂರೊ ಹತ್ತಿರ, ಆಗಲೇ ಹೋದದ್ದು 90. ಒಟ್ಟು ಸುಮಾರು 22,000 ರೂಪಾಯಿ. ಸಂಬಳವಿಲ್ಲದ ನಾಲ್ಕನೇ ತಿಂಗಳು ಅದು. ಅಪ್ಪ ಯಾವ ಮೊತ್ತವನ್ನೂ ರೂಪಾಯಿಯಲ್ಲಿ ಅಳೆಯುವವರಲ್ಲ. ಆ ಸಾಲಿನ ಕಬ್ಬಿನ ಎಫ್‌ಆರ್‌ಪಿ ಟನ್ನಿಗೆ 3,150 ರೂಪಾಯಿ, ಅದೂ ಶೇ 10.25 ಇಳುವರಿ ಬಂದರೆ. ‘ಏಳು ಟನ್ ಕಬ್ಬು’ ಅಂದರು. ಬೈಗುಳ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕಟ್ಟದೇ ಬಿಡುವ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅದೇ ರಾತ್ರಿ ಮಹಡಿ ಮೇಲೆ ಕೂತು ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ. ‘ಒಲೆಗೆ ಹಾಕಯ್ಯ, ಇಟಲಿ ಪೊಲೀಸ್ ಹನಕೆರೆಗೆ ಬರ್ತಾನಾ?’ ಎಂದರು. ಇನ್ನೊಬ್ಬ ಗೆಳೆಯ, ಮುಂದೆ ವೀಸಾನೇ ಸಿಗಲ್ಲ ಎಂದು ಹೆದರಿಸಿದ. ಇಬ್ಬರೂ ಇಟಲಿಗೆ ಹೋದವರಲ್ಲ, ದಂಡ ಕಟ್ಟಿದವರಲ್ಲ. ಎದುರಿಗೆ ಹೆದ್ದಾರಿಯ ದೀಪಗಳು ಕಾಣುತ್ತಿದ್ದವು. ಕಟ್ಟಬೇಕು ಅನ್ನಿಸಿದ್ದಕ್ಕೆ ದೊಡ್ಡ ಆದರ್ಶವೇನೂ ಕಾರಣವಲ್ಲ. ಕೆಲಸ ಹುಡುಕುತ್ತಿದ್ದೆ, ಮತ್ತೆ ಹೊರದೇಶಕ್ಕೆ ಹೋಗುವ ಆಸೆ ಇತ್ತು, ಹಳೆಯ ಬಾಕಿ ಬೆನ್ನಿಗಿಟ್ಟುಕೊಂಡು ಅರ್ಜಿ ತುಂಬುವುದು ಬೇಡವಾಗಿತ್ತು. ಜೊತೆಗೆ, ಆ ಸ್ವೀಕೃತಿ ಚೀಟಿಯಲ್ಲಿ ಅಪ್ಪನ ಸಹಿ ವಾಪಸ್ ಇಟಲಿಗೆ ಹೋಗಲಿದೆ ಎನ್ನುವುದು ಯಾಕೋ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮೇಲ್ಮನವಿಗೂ ದಾರಿಯಿದೆ. ವಿದೇಶದಲ್ಲಿರುವವರು 60 ದಿನದೊಳಗೆ ಅಲ್ಲಿನ ‘ಜೂದಿಚೆ ದಿ ಪಾಚೆ’ ಎಂಬ ಸ್ಥಳೀಯ ನ್ಯಾಯಾಧೀಶರಿಗೆ, ಅಥವಾ ಅಷ್ಟೇ ದಿನದೊಳಗೆ ಪ್ರಿಫೆಕ್ಟ್ ಎಂಬ ಅಧಿಕಾರಿಗೆ. ಕಾರು ನಿಮ್ಮದಲ್ಲ, ನಂಬರ್ ತಪ್ಪಾಗಿದೆ, ಅವಧಿ ಮೀರಿ ನೋಟಿಸ್ ಬಂದಿದೆ, ಹೋಟೆಲಿನವರು ಅನುಮತಿ ಮಾಡಿಸಿದ್ದ ದಾಖಲೆ ಇದೆ ಎಂಬಂಥ ಗಟ್ಟಿ ಕಾರಣವಿದ್ದರೆ ಖಂಡಿತ ಹೋರಾಡಬೇಕು. ಆದರೆ ಪ್ರಿಫೆಕ್ಟ್ ಒಪ್ಪದಿದ್ದರೆ ಕನಿಷ್ಠ ದಂಡದ ಎರಡು ಪಟ್ಟಿಗೆ ಕಡಿಮೆಯಿಲ್ಲದಂತೆ ಕಟ್ಟಬೇಕಾಗುತ್ತದೆ. ನೋಟಿಸಿನಲ್ಲಿದ್ದ ಸಂಖ್ಯೆ, ಪಾಸ್‌ವರ್ಡ್ ಹಾಕಿ ಜಾಲತಾಣದಲ್ಲಿ ಫೋಟೊ ನೋಡಿದೆ. ನಮ್ಮದೇ ಕಾರು, ಹಿಂಬದಿಯ ಚಿತ್ರ. ಮನೆಯವರೆಲ್ಲ ಮೊಬೈಲ್ ಸುತ್ತ ಸೇರಿದ್ದರು. ‘ನಿನ್ ಮುಖನೇ ಇಲ್ವಲ್ಲೋ, ನೀನೇ ಅಂತ ಎಂಗೇಳ್ತಾರೆ?’ ಎಂದು ಅವ್ವ ವಕೀಲಳಾದಳು. ಮುಖ ಬೇಕಿಲ್ಲ, ಸಹಿ ಇದೆಯಲ್ಲ.

ಶುಕ್ರವಾರ ಕಟ್ಟಲು ಹೊರಟರೆ ಕಟ್ಟುವುದೇ ಸಮಸ್ಯೆ. ವಂಚನೆ ಎಂದು ಬ್ಲಾಕ್ ಮಾಡಿಸಿದ್ದ ಕ್ರೆಡಿಟ್ ಕಾರ್ಡನ್ನು ಕೆಲಸ ಹೋದ ಮೇಲೆ ಪೂರ್ತಿ ರದ್ದು ಮಾಡಿಸಿದ್ದೆ. ಕೈಯಲ್ಲಿದ್ದ ರುಪೇ ಡೆಬಿಟ್ ಕಾರ್ಡ್ ಆ ಜಾಲತಾಣದಲ್ಲಿ ನಡೆಯಲಿಲ್ಲ. ಮಂಡ್ಯದ ಬ್ಯಾಂಕ್ ಶಾಖೆಗೆ ಹೋದೆ. ವಿದೇಶಕ್ಕೆ ಹಣ ಕಳಿಸಲು ಎ2 ಫಾರಂ, ಪ್ಯಾನ್, ನೋಟಿಸಿನ ಪ್ರತಿ ಎಲ್ಲ ಕೊಡಬೇಕು, ಎರಡು ಮೂರು ದಿನ ಆಗುತ್ತದೆ ಎಂದರು. ಮ್ಯಾನೇಜರ್ ಮೇಡಂ ಒಳ್ಳೆಯವರು, ಫಾರಂ ತಾವೇ ತೆಗೆದುಕೊಟ್ಟರು. ಆದರೆ ಎರಡು ಮೂರು ದಿನ ನನ್ನ ಬಳಿ ಇರಲಿಲ್ಲ.

ಕೊನೆಗೆ ಮೂವರ ಹಳೆಯ ವಾಟ್ಸ್‌ಆ್ಯಪ್ ಗುಂಪಿಗೆ ನೋಟಿಸಿನ ಫೋಟೊ ಹಾಕಿದೆ. ಧಾರವಾಡದವನು ಇನ್ನೂ ಮ್ಯೂನಿಕ್‌ನಲ್ಲೇ ಇದ್ದ. ಹತ್ತು ನಿಮಿಷಕ್ಕೆ ಅವನ ಕಾರ್ಡಿನಿಂದ ದಂಡ ಕಟ್ಟಿ ರಸೀದಿ ಕಳಿಸಿದ. ‘ಅತ್ತಿವೊ ಅಂದ್ರ ಓಪನ್ ಅಂತ ಹೇಳಿದಾಂವ ನಾನಽ ಅಲ್ಲೇನು’ ಎಂದು ಬರೆದಿದ್ದ. ನನ್ನ ಪಾಲನ್ನು ಧಾರವಾಡದಲ್ಲಿದ್ದ ಅವನ ತಾಯಿಯ ಖಾತೆಗೆ ಯುಪಿಐ ಮಾಡಿದೆ. ಪುಣೆಯವನು ಮಾತ್ರ ‘ಕಾರು ಓಡಿಸಿದವನು ನೀನು, ದಂಡ ಓಡಿಸಿದವನದ್ದಲ್ಲವಾ?’ ಎಂದ. ಕಾನೂನಿನ ಪ್ರಕಾರ ಅವನ ಮಾತು ಸರಿ, ಅದೇ ಸಿಟ್ಟು ಬರಿಸಿದ್ದು. ಬಾಡಿಗೆಯನ್ನು, ಪೆಟ್ರೋಲನ್ನು, ಟೋಲನ್ನು ಮೂರು ಪಾಲು ಮಾಡಿದ್ದೆವು. ದಂಡ ಬಂದರೆ ಏನು ಎಂದು ಮಾತಾಡಿರಲಿಲ್ಲ. ಟ್ರಿಪ್ ಹೊರಡುವಾಗ ಅಂಥ ಮಾತು ಅಪಶಕುನದ ಹಾಗೆ ಕೇಳಿಸುತ್ತದೆ, ನಿಜ. ಆದರೂ ಸಹಿ ಹಾಕುವವನು ಕೌಂಟರಿನ ಮುಂದೆ ನಿಂತೇ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು. ನಾನು ಅವನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದೆ.

ಆ ರಾತ್ರಿ ಅಪ್ಪ ಒಂದು ಗುಟ್ಟು ಬಿಟ್ಟುಕೊಟ್ಟರು. ನಮ್ಮ ಊರು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲೇ ಇದೆ. 2023ರ ಮಾರ್ಚ್ 12ರಂದು ದಶಪಥ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ನಿಷೇಧವಾಯಿತು. ನಾನು ಮ್ಯೂನಿಕ್‌ನಲ್ಲಿದ್ದ ಆ ದಿನಗಳಲ್ಲೇ ಅಪ್ಪ ಟಿವಿಎಸ್ ಎಕ್ಸೆಲ್ ಮೇಲೆ ಹುಲ್ಲಿನ ಹೊರೆ ಕಟ್ಟಿಕೊಂಡು, ಸರ್ವೀಸ್ ರಸ್ತೆ ಬಿಟ್ಟು ಮುಖ್ಯ ರಸ್ತೆಗೆ ಹೋಗಿ 500 ರೂಪಾಯಿ ದಂಡ ಕಟ್ಟಿದ್ದರಂತೆ. ಯಾರಿಗೂ ಹೇಳಿರಲಿಲ್ಲ. ‘ನಿಂಗೆ ಅಲ್ಲಿ ಭಾಷೆ ಬರ್ದಿಲ್ಲ, ಬುಡು. ನನ್ ಎದುರ್ಗೆ ಕನ್ನಡದಲ್ಲೇ ಬರ್ದಿದ್ರು ಕಣ್ಲಾ’ ಎಂದು ನಕ್ಕರು. ಮೂರು ದಿನದ ಮೇಲೆ ಮನೆಯಲ್ಲಿ ಮೊದಲ ನಗು ಅದು.

ನಮ್ಮ ಕಡೆ ದಂಡದ ಬಗ್ಗೆ ಇರುವ ನಂಬಿಕೆಯೇ ಬೇರೆ. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಠಾಣೆಗಳ ಮುಂದೆ ಸಾಲು ನಿಂತಿದ್ದು ನೆನಪಿರಬಹುದು. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೆ ಅದೇ ರಿಯಾಯಿತಿ ಬಂತು. ನನ್ನ ಪರಿಚಯದ ಹುಡುಗರು ಚಲನ್ ಬಂದರೆ ‘ಇರಲಿ, ಆಫರ್ ಬರುತ್ತೆ’ ಎನ್ನುತ್ತಾರೆ, ದೀಪಾವಳಿ ಸೇಲಿನ ಮಾತಿನಂತೆ. ಇಲ್ಲಿ ಕಾದವನಿಗೆ ರಿಯಾಯಿತಿ. ಅಲ್ಲಿ ಓಡಿದವನಿಗೆ. ಈ ಒಂದು ಅಭ್ಯಾಸವನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೊರದೇಶಕ್ಕೆ ಹೋದರೆ ಬಹಳ ದುಬಾರಿ. ಲಂಡನ್ನಿನ ನಡುಭಾಗದ ಕಂಜೆಷನ್ ಚಾರ್ಜ್ ಕಟ್ಟದೆ ಸಿಕ್ಕಿಬಿದ್ದರೆ ದಂಡ 180 ಪೌಂಡ್, 14 ದಿನದೊಳಗೆ ಕಟ್ಟಿದರೆ ಅರ್ಧ. ಬ್ರಿಟನ್ನಿನಲ್ಲಿ ವೇಗದ ಪ್ರಕರಣವಾದರೆ ‘ಓಡಿಸಿದವರು ಯಾರು’ ಎಂದು ಪೊಲೀಸರು ಕೇಳುವ ಪತ್ರಕ್ಕೆ 28 ದಿನದಲ್ಲಿ ಉತ್ತರಿಸದಿದ್ದರೆ ಆ ಮೌನವೇ ಬೇರೊಂದು ಅಪರಾಧ. ದುಬೈಯಲ್ಲಿ ಸಾಲಿಕ್ ಟೋಲ್ ಗೇಟುಗಳಲ್ಲಿ ನಿಲ್ಲಿಸುವವರೇ ಇಲ್ಲ, ಕಾರು ಹಾದರೆ ಲೆಕ್ಕ ಬಿತ್ತು. ಬಾಡಿಗೆ ಕಾರಾದರೆ ಆ ಲೆಕ್ಕ ಬಂದು ನಿಲ್ಲುವುದು ಸಹಿ ಹಾಕಿದವನ ಹೆಸರಿಗೆ.

ಅಂದಹಾಗೆ ಇದು ಹೊರದೇಶದ ಕತೆ ಮಾತ್ರ ಅಲ್ಲ. ನನಗೆ 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಮಾರ್ಚಿನಲ್ಲಿ ಪುಣೆಯವನು ಬಂದ. ಅಷ್ಟೊತ್ತಿಗೆ ಮಾತು ಕೂಡಿತ್ತು. ಸೆಲ್ಫ್ ಡ್ರೈವ್ ಕಾರು ತೆಗೆದುಕೊಂಡು ಮೈಸೂರಿಗೆ ಹೊರಟೆವು. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರದ ಆ ಕಾರುಗಳನ್ನು ಶನಿವಾರ ಭಾನುವಾರ ನಮ್ಮೂರ ಮುಂದೆ ಎಷ್ಟು ಬೇಕಾದರೂ ನೋಡಬಹುದು, ಕಾಲೇಜು ಹುಡುಗರೇ ಹೆಚ್ಚು. ಹೆದ್ದಾರಿಯಲ್ಲಿ ಕಾರಿನ ಮಿತಿ ಗಂಟೆಗೆ 100 ಕಿ.ಮೀ. ಕ್ಯಾಮೆರಾಗಳು ವೇಗವನ್ನಷ್ಟೇ ಅಲ್ಲ, ಸೀಟ್ ಬೆಲ್ಟನ್ನೂ ಕೈಯಲ್ಲಿನ ಮೊಬೈಲನ್ನೂ ನೋಡುತ್ತವೆ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ 130 ದಾಟಿ ಓಡಿಸಿದರೆ ದಂಡದ ಜೊತೆ ಎಫ್‌ಐಆರ್ ಎಂದು ಪೊಲೀಸರು ಹೇಳಿದ್ದಾರೆ. ಕೆಲಸ ಹುಡುಕುವವನಿಗೆ ಎಫ್‌ಐಆರ್ ಎಂದರೆ ಏನು ಎಂಬುದನ್ನು ಪೊಲೀಸ್ ವೆರಿಫಿಕೇಷನ್ ಫಾರಂ ತುಂಬಿದವರಿಗೆ ಹೇಳಬೇಕಿಲ್ಲ. ಕಾರು ನನ್ನದಲ್ಲ, ಚಲನ್ ಕಂಪನಿಗೆ ಹೋಗುತ್ತೆ ಎನ್ನುವ ಧೈರ್ಯ ಬೇಡ. ಮೋಟಾರು ವಾಹನ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ, ಪೊಲೀಸರು ಕೇಳಿದರೆ ಓಡಿಸಿದವರ ವಿವರ ಕೊಡುವುದು ಮಾಲೀಕನ ಕರ್ತವ್ಯ. ಇಟಲಿಯ ಕಂಪನಿ ಮಾಡಿದ್ದೂ ಅದೇ.

ಈಗ ಬಾಡಿಗೆ ಕಾರು ಹಿಂತಿರುಗಿಸುವಾಗ ದಿನಾಂಕ, ಗಂಟೆ, ಕಿಲೋಮೀಟರ್ ಓದು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ. ನಾನು ಕೀ ಕೊಟ್ಟ ಮೇಲಿನ ಚಲನ್ ನನ್ನ ತಲೆಗೆ ಬರಬಾರದಲ್ಲ. ಕರಾರಿನ ಪ್ರತಿಯನ್ನು ಒಂದು ವರ್ಷ ಅಳಿಸುವುದಿಲ್ಲ. ಹೊರದೇಶಕ್ಕೆ ಹೋದ ಕಿರಿಯರಿಗೆ ಹೇಳುವುದೂ ಇಷ್ಟೇ: ಕರಾರಿನಲ್ಲಿ ಊರಿನ ವಿಳಾಸ ಕೊಟ್ಟಿದ್ದರೆ ಮನೆಯವರಿಗೆ ಮೊದಲೇ ಹೇಳಿಡಿ, ಇಂಥ ಕಾಗದ ಬಂದರೆ ಹೆದರಬೇಡಿ, ಮುಚ್ಚಿಡಬೇಡಿ, ಬಂದ ದಿನವೇ ಫೋಟೊ ತೆಗೆದು ಕಳಿಸಿ ಎಂದು. ಆ ಮಾರ್ಚಿನ ಪ್ರಯಾಣದಲ್ಲಿ ನಾನು 90ರ ಮೇಲೆ ಹೋಗಲೇ ಇಲ್ಲ. ಪುಣೆಯವನು ದಾರಿಯುದ್ದಕ್ಕೂ ರೇಗಿಸಿದ. ಮದ್ದೂರಿನಲ್ಲಿ ವಡೆ ತಿಂದಾಗ ಬಿಲ್ ತಾನೇ ಕೊಟ್ಟ. ಅವನ ಪಾಲು ಸುಮಾರು ಏಳು ಸಾವಿರ ಇತ್ತು, ವಡೆಯದನ್ನು ಕಳೆದು ಉಳಿದದ್ದು ಇನ್ನೂ ಬಾಕಿ.

ಎರಡನೇ ಕಾಗದದ ಕತೆ ಹೇಳುವುದು ಉಳಿಯಿತು. ಮೊದಲನೆಯದು ಬಂದು ಮೂರು ವಾರಕ್ಕೆ, ಸೆಪ್ಟೆಂಬರಿನಲ್ಲಿ, ನಾನು ಮತ್ತೊಂದು ಇಂಟರ್‌ವ್ಯೂಗೆ ಬೆಂಗಳೂರಿಗೆ ಹೋಗಿದ್ದೆ. ಒಳಗೆ ಕರೆಯಲು ಇನ್ನೂ ಹತ್ತು ನಿಮಿಷವಿತ್ತು. ಅಪ್ಪನ ಫೋನ್. ಹಿಂದೆ ಪೋಸ್ಟ್‌ಮ್ಯಾನ್ ಏನೋ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

‘ಮಗ, ಇನ್ನೊಂದು ಬಂದೈತೆ. ಪೋಸ್ಟ್‌ಮ್ಯಾನ್ ಬಾಗ್ಲಲ್ಲೇ ನಿಂತವ್ನೆ. ಸೈನ್ ಹಾಕ್ಲಾ, ಇಲ್ಲ ನೀ ದುಡ್ಡು ಹೊಂದ್ಸೋಗಂಟ ಎರಡು ದಿನ ಬುಟ್ಟು ಬಾ ಅನ್ಲಾ? ಸೈನ್ ಹಾಕಿದ್ ಮೇಲೆ ತಾನೇ ಆ ಐದು ದಿನ ಶುರುವಾಗೋದು?’